ಒಂದು ಚಿಟಿಕೆ ಧೂಪ: ಹಿಂಸೆಯ ಎದುರು ವಿಶ್ವಾಸದಲ್ಲಿ ನಿಲ್ಲುವುದು ಎಂದರೆ ಏನು?

ಮುಂಬಯಿ ಬಳಿಯ ನಾಲಾಸೋಪಾರಾದ ನಮ್ಮ ವಸತಿ ಸೊಸೈಟಿಯಲ್ಲಿ ಕೆಳಗಿನ ಹಾಲ್ ಬೇಕಾದವರು ಒಂದು ಅರ್ಜಿ ತುಂಬಬೇಕು. ದಿನಾಂಕ, ವೇಳೆ, ಎಷ್ಟು ಜನ, ಏನು ಕಾರ್ಯಕ್ರಮ. ಎರಡನೆಯ ಮಹಡಿಯಲ್ಲಿ ಬೀದರಿನ ಕಡೆಯ ಮೆಥೋಡಿಸ್ಟ್ ಪಂಗಡದ ಕ್ರೈಸ್ತ ಕುಟುಂಬವೊಂದಿದೆ. ಮನೆಯೊಡತಿಯನ್ನು ಕಟ್ಟಡದ ಕನ್ನಡದವರೆಲ್ಲ ಅಕ್ಕ ಎಂದೇ ಕರೆಯುತ್ತೇವೆ. ಕಳೆದ ಡಿಸೆಂಬರಿನಲ್ಲಿ ಅಕ್ಕ ಪ್ರಾರ್ಥನಾ ಕೂಟಕ್ಕೆ ಹಾಲ್ ಕೇಳಲು ಹೋದರು. ಅದಕ್ಕೆ ಎರಡು ದಿನ ಮೊದಲು ನೋಟಿಸ್ ಬೋರ್ಡಿಗೆ ಯಾರೋ ಹೆಸರಿಲ್ಲದ ಚೀಟಿ ಅಂಟಿಸಿದ್ದರು: ಇಲ್ಲಿ ಪ್ರಾರ್ಥನೆಯ ಹೆಸರಿನಲ್ಲಿ ಏನೇನೋ ನಡೆಯುತ್ತಿದೆ ಎಂದು. ಸೆಕ್ರೆಟರಿ ಕೆಟ್ಟವರಲ್ಲ. ಮೆತ್ತಗೆ ಹೇಳಿದರು, “ಪ್ರಾರ್ಥನೆ ಎಂದು ಬರೆಯಬೇಡಿ, ಹುಟ್ಟುಹಬ್ಬ ಎಂದು ಬರೆಯಿರಿ. ಯಾರೂ ಏನೂ ಕೇಳುವುದಿಲ್ಲ.”

ಅಕ್ಕ ಅರ್ಜಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. “ಬರೆದುಬಿಡಲೇ? ಒಂದು ಶಬ್ದ ತಾನೆ? ಆದರೆ ಹೋದ ಭಾನುವಾರವೇ ಪಾಸ್ಟರ್ ವಿಶ್ವಾಸದಲ್ಲಿ ಸ್ಥಿರವಾಗಿ ನಿಲ್ಲಿರಿ ಎಂದು ಬೋಧಿಸಿದ್ದಾರೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.”

ನಾನು ಕ್ರೈಸ್ತಧರ್ಮದವನಲ್ಲ; ನಮ್ಮ ಕುಲದೇವರು ಗೋವೆಯ ಮಂಗೇಶ. ಆದರೂ ಅಕ್ಕನ ಪ್ರಶ್ನೆ ಎರಡು ಸಾವಿರ ವರ್ಷಗಳಷ್ಟು ಹಳೆಯದು ಎಂಬುದು ಗೊತ್ತಿತ್ತು. ಆ ದಿನ ಅವರಿಗೆ ಹೇಳಿದ್ದನ್ನೂ, ಆಮೇಲೆ ಓದಿ ಸರಿಪಡಿಸಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದಗಳು

ಕನ್ನಡ ಬೈಬಲಿನಲ್ಲಿ ಹಿಂಸೆ ಎಂದಿರುವ ಕಡೆ ನಾವು ಹೊಡೆತ, ರಕ್ತ ಎಂದು ಅರ್ಥ ಮಾಡಿಕೊಳ್ಳುತ್ತೇವೆ. ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕಿನಲ್ಲಿ ಅಲ್ಲಿರುವ ಕ್ರಿಯಾಪದ ದಿಯೋಕೋ. ಅದರ ಅರ್ಥ ಬೆನ್ನಟ್ಟುವುದು. ಹೊಡೆಯುವುದು ಅದರ ಒಂದು ರೂಪ ಮಾತ್ರ. ಕೆಲಸದಿಂದ ತೆಗೆಯುವುದು, ಬಾವಿಯ ನೀರು ನಿಲ್ಲಿಸುವುದು, ಸುಳ್ಳು ದೂರು ಕೊಡುವುದು, ಸತ್ತವರನ್ನು ಹೂಳಲು ಜಾಗ ಕೊಡದಿರುವುದು, ಇವೆಲ್ಲವೂ ಬೆನ್ನಟ್ಟುವುದೇ. ಆದರೆ ‘ನಿಮ್ಮ ಮತ ನನಗೆ ಒಪ್ಪಿಗೆಯಿಲ್ಲ’ ಎಂದು ಒಬ್ಬರು ವಾದಿಸಿದರೆ ಅದು ಹಿಂಸೆಯಲ್ಲ, ಬರೀ ಭಿನ್ನಾಭಿಪ್ರಾಯ. ಈ ಎರಡನ್ನು ಕಲಸುವವರು ಎಲ್ಲ ಧರ್ಮಗಳಲ್ಲಿಯೂ ಇದ್ದಾರೆ.

ಎರಡನೆಯ ಪದ ವಿಶ್ವಾಸ. ದೇವರು ಇದ್ದಾನೆ ಎಂದು ಒಪ್ಪಿಕೊಳ್ಳುವುದು ವಿಶ್ವಾಸದ ಒಂದು ಪಾಲು. ಇನ್ನೊಂದು ಪಾಲನ್ನು ಕನ್ನಡ ಕ್ರೈಸ್ತರ ಬಾಯಲ್ಲಿ ಹೆಚ್ಚಾಗಿ ಕೇಳುವ ಒಂದು ಚೆಂದದ ಪದ ಹೇಳುತ್ತದೆ: ನಂಬಿಗಸ್ತ. ನಂಬಿದವನು ಎಂದಲ್ಲ, ನಂಬಲು ಅರ್ಹನಾದವನು. ಬೀಗದ ಕೈ ಕೊಟ್ಟು ಊರಿಗೆ ಹೋಗಬಹುದಾದ ನೆರೆಯವನ ಹಾಗೆ. ಇಂದಿನ ತುರ್ಕಿಯಲ್ಲಿರುವ ಸ್ಮುರ್ನ ಪಟ್ಟಣದ ಸಭೆಗೆ, ಅಂದರೆ ಅಲ್ಲಿಯ ಕ್ರೈಸ್ತ ಸಮುದಾಯಕ್ಕೆ, ಬೈಬಲಿನ ಕೊನೆಯ ಪುಸ್ತಕದಲ್ಲಿ ಬರುವ ಸಂದೇಶವೂ ಇದೇ: ಸಾಯುವ ಪ್ರಸಂಗ ಬಂದರೂ ನಂಬಿಗಸ್ತನಾಗಿರು. ಮುಂದೆ ಅದೇ ಸ್ಮುರ್ನದ ಬಿಷಪ್ ಪೊಲಿಕಾರ್ಪನಿಗೆ ರೋಮನ್ ಅಧಿಕಾರಿ, ಕ್ರಿಸ್ತನನ್ನು ಶಪಿಸು, ಬಿಟ್ಟುಬಿಡುತ್ತೇನೆ ಎಂದನಂತೆ. 86 ವರ್ಷ ಅವನ ಸೇವೆ ಮಾಡಿದ್ದೇನೆ, ನನಗೆ ಅವನು ಯಾವ ಕೇಡೂ ಮಾಡಿಲ್ಲ, ಹೇಗೆ ಶಪಿಸಲಿ ಎಂಬುದು ಮುದುಕನ ಉತ್ತರ. ಇದರಲ್ಲಿ ಸಿದ್ಧಾಂತವಿಲ್ಲ, ಹಳೆಯ ಸ್ನೇಹಿತನನ್ನು ಬಿಟ್ಟುಕೊಡಲಾರೆ ಎಂಬ ಮಾತಿನ ಧಾಟಿಯಿದೆ.

ಮೂರನೆಯದು ರಕ್ತಸಾಕ್ಷಿ. ಗ್ರೀಕಿನ ಮಾರ್ತುಸ್ ಎಂದರೆ ಸರಳವಾಗಿ ಸಾಕ್ಷಿ, ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷಿ. ಕಂಡದ್ದನ್ನು ಕಂಡ ಹಾಗೆ ಹೇಳುವವನು. ಹೇಳಿದ್ದಕ್ಕಾಗಿ ಜೀವ ಹೋದರೆ ರಕ್ತಸಾಕ್ಷಿ. ಸಾಯುವುದು ಅವನ ಕೆಲಸವಲ್ಲ, ಸುಳ್ಳು ಹೇಳದಿರುವುದು ಅವನ ಕೆಲಸ. ಮುಂದಿನದೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಧೂಪದ ಪರೀಕ್ಷೆ

ಸುಮಾರು ಕ್ರಿ.ಶ. 112ರಲ್ಲಿ ಇಂದಿನ ಉತ್ತರ ತುರ್ಕಿಯ ಭಾಗವನ್ನು ಆಳುತ್ತಿದ್ದ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ತ್ರಾಜಾನನಿಗೆ ಪತ್ರ ಬರೆದು ಸಲಹೆ ಕೇಳಿದ. ಕ್ರೈಸ್ತರೆಂದು ದೂರು ಬಂದವರನ್ನು ಅವನು ಮೂರು ಸಲ ಕೇಳುತ್ತಿದ್ದ: ನೀನು ಕ್ರೈಸ್ತನೇ? ಹೌದೆಂದು ಹಟ ಹಿಡಿದವರಿಗೆ ಮರಣದಂಡನೆ. ಅಲ್ಲ ಎಂದವರು ಚಕ್ರವರ್ತಿಯ ಪ್ರತಿಮೆಗೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಶಪಿಸಿದರೆ ಮನೆಗೆ ಹೋಗಬಹುದು. ನಿಜವಾದ ಕ್ರೈಸ್ತರಿಂದ ಇದನ್ನು ಮಾಡಿಸಲಾಗದು ಎಂದು ಅವನು ಕೇಳಿದ್ದ.

ತ್ರಾಜಾನನ ಉತ್ತರದಲ್ಲಿ ಒಂದು ಮಾತು ನನಗೆ ನಮ್ಮ ನೋಟಿಸ್ ಬೋರ್ಡನ್ನು ನೆನಪಿಸಿತು. ಕ್ರೈಸ್ತರನ್ನು ಹುಡುಕಿಕೊಂಡು ಹೋಗಬೇಡ. ಹೆಸರಿಲ್ಲದ ದೂರುಗಳನ್ನಂತೂ ಪರಿಗಣಿಸಲೇಬೇಡ, ಅದು ನಮ್ಮ ಕಾಲಕ್ಕೆ ತಕ್ಕದ್ದಲ್ಲ ಎಂದು ಅವನು ಬರೆದಿದ್ದ.

ಕೇಳಿದ್ದು ಎಷ್ಟು ಸಣ್ಣದು ನೋಡಿ. ಒಂದು ಚಿಟಿಕೆ ಧೂಪ. ರೋಮನ್ನರಿಗೆ ಅದು ಭಕ್ತಿಗಿಂತ ಹೆಚ್ಚಾಗಿ ರಾಜನಿಷ್ಠೆಯ ಗುರುತು. ಮನೆಯಲ್ಲಿ ನಿನಗೆ ಬೇಕಾದ ದೇವರನ್ನು ಇಟ್ಟುಕೋ, ಆದರೆ ಎಲ್ಲರಿಗಿಂತ ಮೇಲೆ ಯಾರು ಎಂದು ಕೇಳಿದಾಗ ಚಕ್ರವರ್ತಿ ಎನ್ನು, ಅಷ್ಟೇ. ಕ್ರೈಸ್ತರಿಗೆ ಕಷ್ಟವಾದದ್ದು ಆ ‘ಅಷ್ಟೇ’. ತೆರಿಗೆ ಕಟ್ಟಲು, ಅರಸನಿಗಾಗಿ ಪ್ರಾರ್ಥಿಸಲು ಅವರು ಸಿದ್ಧರಿದ್ದರು. ಅರಸನಿಗೆ ಪ್ರಾರ್ಥಿಸಲು ಸಿದ್ಧರಿರಲಿಲ್ಲ. ಬೆನ್ನಟ್ಟುವ ಅಧಿಕಾರ ಬಹಳ ಸಲ ಸಣ್ಣದನ್ನೇ ಕೇಳುತ್ತದೆ. ಸಣ್ಣದನ್ನು ನಿರಾಕರಿಸಿದವನು ನೋಡುವವರ ಕಣ್ಣಿಗೆ ಮೊಂಡನಂತೆ ಕಾಣುತ್ತಾನೆ. ಪ್ಲಿನಿಯೂ ಇವರ ಮೊಂಡುತನಕ್ಕಾದರೂ ಶಿಕ್ಷೆ ಆಗಲೇಬೇಕು ಎಂದೇ ಬರೆದದ್ದು.

ಬಿದ್ದವರ ಗತಿ

ಎಲ್ಲರೂ ಪೊಲಿಕಾರ್ಪರಲ್ಲ. ಈ ಭಾಗವನ್ನು ಉಪದೇಶಗಳಲ್ಲಿ ಅವಸರದಲ್ಲಿ ದಾಟಿಬಿಡುತ್ತಾರೆ. ನನಗೆ ಇದೇ ಮುಖ್ಯವೆನಿಸುತ್ತದೆ.

249ರ ಕೊನೆಗೆ ಚಕ್ರವರ್ತಿ ದೆಕಿಯುಸ್ ಸಾಮ್ರಾಜ್ಯದ ಪ್ರಜೆಗಳೆಲ್ಲ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಅಂತಹ 40ಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ: ಹೆಸರು, ಊರು, ಇಂಥ ಅಧಿಕಾರಿಯ ಎದುರು ಅರ್ಪಣೆ ಮಾಡಿದ್ದಾನೆ ಎಂಬ ಒಕ್ಕಣೆ, ಸಹಿ. ಸಾವಿರಾರು ಕ್ರೈಸ್ತರು ಹೆದರಿ ಅರ್ಪಣೆ ಮಾಡಿದರು. ಕೆಲವರು ಇನ್ನೂ ಜಾಣರು. ಅರ್ಪಣೆ ಮಾಡದೆ ಲಂಚ ಕೊಟ್ಟು ಪತ್ರ ಮಾತ್ರ ಬರೆಸಿಕೊಂಡರು. ಏಜೆಂಟನ ಮೂಲಕ ಕಾಗದ ಮಾಡಿಸಿಕೊಂಡು ಅಭ್ಯಾಸವಿರುವ ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ಸಭೆಯ ಬಾಗಿಲಿಗೆ ಮರಳಿ ಬಂದರು. ಇವರನ್ನು ಒಳಗೆ ಸೇರಿಸಿಕೊಳ್ಳುವುದೋ ಬೇಡವೋ? ರೋಮಿನ ನೊವಾತಿಯಾನನ ಪಕ್ಷ ಖಡಾಖಂಡಿತವಾಗಿ ಬೇಡ ಎಂದಿತು. ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯಾನ ನಡುದಾರಿ ಹಿಡಿದ: ಪಶ್ಚಾತ್ತಾಪಪಟ್ಟವರನ್ನು ಅವರವರ ತಪ್ಪಿನ ತೂಕ ನೋಡಿ, ಪ್ರಾಯಶ್ಚಿತ್ತದ ಅವಧಿಯ ನಂತರ ಸೇರಿಸಿಕೊಳ್ಳಬೇಕು. ಪತ್ರ ಮಾತ್ರ ಕೊಂಡವರಿಗೆ ಕಡಿಮೆ, ಅರ್ಪಣೆ ಮಾಡಿದವರಿಗೆ ಹೆಚ್ಚು. ಸಭೆಯ ಮುಖ್ಯಧಾರೆ ಹಿಡಿದದ್ದು ಈ ದಾರಿಯನ್ನೇ. ವಿಶೇಷವೆಂದರೆ ದೆಕಿಯುಸನ ಕಾಲದಲ್ಲಿ ಸಿಪ್ರಿಯಾನನೂ ಊರು ಬಿಟ್ಟು ಅಡಗಿದ್ದ; ಅದಕ್ಕಾಗಿ ಮಾತೂ ಕೇಳಿದ್ದ. ಎಂಟು ವರ್ಷಗಳ ನಂತರ, 258ರಲ್ಲಿ, ಮತ್ತೆ ಕರೆ ಬಂದಾಗ ಓಡಲಿಲ್ಲ. ಅವನ ತಲೆ ಕಡಿದರು.

ಇದಕ್ಕೆಲ್ಲ ಮೂಲ ಯೇಸುವಿನ ಶಿಷ್ಯ ಪೇತ್ರನ ಕತೆ. ಯೇಸುವನ್ನು ಹಿಡಿದ ರಾತ್ರಿ ಅಂಗಳದಲ್ಲಿ ಬೆಂಕಿ ಕಾಯಿಸುತ್ತ ನಿಂತಿದ್ದ ಪೇತ್ರ, ಒಬ್ಬ ಕೆಲಸದ ಹುಡುಗಿ ಕೇಳಿದ್ದಕ್ಕೇ ಬೆದರಿ ಅವನನ್ನು ಅರಿಯೆ ಎಂದ. ಮೂರು ಸಲ. ಕೋಳಿ ಕೂಗಿತು. ಸಭೆಯ ಮೊದಲ ನಾಯಕನಾದವನು ಇದೇ ಪೇತ್ರ, ಮತ್ತು ಅವನು ಬಿದ್ದದ್ದನ್ನು ಯೇಸುವಿನ ಬದುಕು ಹೇಳುವ ಸುವಾರ್ತೆಗಳು ನಾಲ್ಕೂ ಮುಚ್ಚಿಡದೆ ಬರೆದಿವೆ.

ವಸೈಯ ಮಗ, ನಾಗಾಸಾಕಿಯ ಗುಡ್ಡ

ನಮ್ಮ ಹಿಂದಿನ ನಿಲ್ದಾಣ ವಸೈ. ಅಲ್ಲಿಯ ಕೋಟೆಯ ಪಾಳು ಇಗರ್ಜಿಗಳ (ಚರ್ಚುಗಳ) ಮುಂದೆ ಭಾನುವಾರ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳ ಸಾಲು. ಆ ವಸೈಯಲ್ಲಿ 1556ರ ಸುಮಾರಿಗೆ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ ಭಾರತದಲ್ಲಿ ಹುಟ್ಟಿದ ಮೊದಲ ಕಥೋಲಿಕ ಸಂತ. ಜಪಾನಿಗೆ ಹೋಗಿ ವ್ಯಾಪಾರ ಮಾಡಿದ, ಜಪಾನಿ ಭಾಷೆ ಕಲಿತ, ಮನಿಲಾದಲ್ಲಿ ಫ್ರಾನ್ಸಿಸ್ಕನ್ ಎಂಬ ಕಥೋಲಿಕ ಸಂನ್ಯಾಸಿ ಸಂಘದ ಸಹೋದರನಾದ, ದುಭಾಷಿಯಾಗಿ 1593ರಲ್ಲಿ ಮತ್ತೆ ಜಪಾನಿಗೆ ಬಂದ.

1596ರಲ್ಲಿ ಸ್ಪೇನಿನ ಹಡಗೊಂದು ಜಪಾನಿನ ದಡದಲ್ಲಿ ಒಡೆಯಿತು. ಸ್ಪೇನ್ ಮೊದಲು ಪಾದ್ರಿಗಳನ್ನು, ಆಮೇಲೆ ಸೈನ್ಯವನ್ನು ಕಳಿಸುತ್ತದೆ ಎಂಬ ಮಾತು ಹಬ್ಬಿತು. ಆಳುತ್ತಿದ್ದ ಹಿದೆಯೋಶಿ 24 ಮಂದಿಯನ್ನು ಹಿಡಿಸಿದ. ಎಡಗಿವಿಯ ತುಂಡು ಕತ್ತರಿಸಿ, ಚಳಿಗಾಲದಲ್ಲಿ ಕ್ಯೋಟೊದಿಂದ ನಾಗಾಸಾಕಿಯವರೆಗೆ ಸುಮಾರು ಒಂದು ತಿಂಗಳು ನಡೆಸಿದರು. ದಾರಿಯಲ್ಲಿ ಇಬ್ಬರು ಸೇರಿ 26 ಮಂದಿ ಆದರು. 1597ರ ಫೆಬ್ರುವರಿ 5ರಂದು ಎಲ್ಲರನ್ನೂ ಗುಡ್ಡದ ಮೇಲೆ ಶಿಲುಬೆಗೇರಿಸಿದರು. ಹೆಚ್ಚಿನವರು ಜಪಾನಿಗಳೇ, ಅವರಲ್ಲಿ ಹುಡುಗರೂ ಇದ್ದರು. 1862ರಲ್ಲಿ ರೋಮ್ ಅವರನ್ನು ಸಂತರೆಂದು ಘೋಷಿಸಿತು.

ಇದು ಕತೆಯ ಅರ್ಧ. ಮುಂದಿನ ಶತಮಾನದಲ್ಲಿ ಜಪಾನಿನ ಅಧಿಕಾರಿಗಳು ಹೊಸ ಪರೀಕ್ಷೆಯೊಂದನ್ನು ಕಂಡುಹಿಡಿದರು. ಯೇಸುವಿನ ಅಥವಾ ಮರಿಯಮ್ಮನ ಚಿತ್ರವಿರುವ ಫಲಕವನ್ನು ನೆಲದ ಮೇಲಿಟ್ಟು ತುಳಿಯಿರಿ ಎನ್ನುವುದು. ಮತ್ತೆ ಅದೇ ಸಣ್ಣ ಕೆಲಸ, ಒಂದು ಹೆಜ್ಜೆ. ತುಳಿಯದವರು ಸತ್ತರು. ಬಹಳ ಜನ ತುಳಿದರು, ಮನೆಗೆ ಹೋಗಿ ಕ್ಷಮೆಯ ಪ್ರಾರ್ಥನೆ ಹೇಳಿಕೊಂಡರು, ಮಕ್ಕಳಿಗೆ ಗುಟ್ಟಾಗಿ ದೀಕ್ಷಾಸ್ನಾನ (ಕ್ರೈಸ್ತರಾಗಿಸುವ ವಿಧಿ) ಮಾಡಿಸಿದರು. ಹೀಗೆಯೇ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ, ಪಾದ್ರಿಗಳೇ ಇಲ್ಲದೆ. 1865ರಲ್ಲಿ ನಾಗಾಸಾಕಿಯಲ್ಲಿ ಹೊಸದಾಗಿ ಕಟ್ಟಿದ ಇಗರ್ಜಿಗೆ ಕೆಲವು ಹಳ್ಳಿಗರು ಬಂದು, ನಿಮ್ಮ ಹೃದಯವೇ ನಮ್ಮ ಹೃದಯ ಎಂದು ಪಾದ್ರಿಗೆ ಪಿಸುಗುಟ್ಟಿದರು. ಇವರನ್ನು ನಿಂತವರ ಸಾಲಿಗೆ ಸೇರಿಸುವುದೋ ಬಿದ್ದವರ ಸಾಲಿಗೋ? ದೇವತಾಶಾಸ್ತ್ರಜ್ಞರು ಇಂದಿಗೂ ಚರ್ಚಿಸುತ್ತಾರೆ. ಗೊನ್ಸಾಲೊನ ಸಾಕ್ಷ್ಯವನ್ನು ಆ ನೆಲದಲ್ಲಿ ಉಳಿಸಿದವರಲ್ಲಿ ಈ ತುಳಿದ ಪಾದಗಳವರೂ ಸೇರಿದ್ದಾರೆ ಎಂದಷ್ಟೇ ನಾನು ಹೇಳಬಲ್ಲೆ.

ಊರು ಬಿಡುವುದು ಸೋಲೇ?

ಅಕ್ಕನ ಮಗ ಕೇಳಿದ ಪ್ರಶ್ನೆ ಇದು. ನಿಲ್ಲುವುದು ಎಂದರೆ ಇದ್ದಲ್ಲಿಯೇ ಇರಬೇಕೇ?

ಇಲ್ಲ. ಒಂದು ಊರಿನಲ್ಲಿ ಬೆನ್ನಟ್ಟಿದರೆ ಇನ್ನೊಂದು ಊರಿಗೆ ಓಡಿರಿ ಎಂದು ಯೇಸುವೇ ಶಿಷ್ಯರಿಗೆ ಹೇಳಿದ್ದು ಮತ್ತಾಯನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿದೆ. ಆದಿ ಸಭೆಯ ಬೋಧಕ ಪೌಲನನ್ನು ಕೊಲ್ಲಲು ದಮಸ್ಕದ ಬಾಗಿಲುಗಳಲ್ಲಿ ಕಾದಿದ್ದಾಗ ಅವನು ಬುಟ್ಟಿಯಲ್ಲಿ ಕೂತು ಗೋಡೆಯಿಂದ ಇಳಿದು ಪಾರಾದ. ಸಾವನ್ನು ಹುಡುಕಿಕೊಂಡು ಹೋಗುವುದನ್ನು ಆದಿ ಸಭೆ ಮೆಚ್ಚಲಿಲ್ಲ. ಬಿಡಬಾರದ್ದು ಊರನ್ನಲ್ಲ, ಒಡೆಯನನ್ನು ಎಂಬುದು ಅವರ ಲೆಕ್ಕ.

ಇಲ್ಲಿ ನಮ್ಮ ಮನೆಯ ಕತೆಯೂ ಬರುತ್ತದೆ. ಹದಿನಾರನೆಯ ಶತಮಾನದ ಗೋವೆಯಲ್ಲಿ ಪೋರ್ಚುಗೀಸರು ದೇವಾಲಯಗಳನ್ನು ಕೆಡವಿದಾಗ ಬೆನ್ನಟ್ಟಿಸಿಕೊಂಡವರು ನಮ್ಮವರು, ಬೆನ್ನಟ್ಟಿದವರು ಶಿಲುಬೆ ಹೊತ್ತವರು. 1560ರಲ್ಲಿ ಕುಶಸ್ಥಳಿಯಿಂದ ಮಂಗೇಶನ ಲಿಂಗವನ್ನು ಎತ್ತಿಕೊಂಡು ನದಿ ದಾಟಿ, ಬಿಜಾಪುರದ ಆದಿಲಶಾಹಿಯ ಆಳ್ವಿಕೆಯಲ್ಲಿದ್ದ ಪ್ರಿಯೋಳಕ್ಕೆ ಒಯ್ದರು. ಅದೇ ವರ್ಷ ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯ ಶುರುವಾಯಿತು. ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ 1812ರವರೆಗೆ ನಡೆಯಿತು. ಅದು ಮುಖ್ಯವಾಗಿ ಹುಡುಕಿದ್ದು ದೀಕ್ಷಾಸ್ನಾನ ಪಡೆದೂ ಹಳೆಯ ಆಚಾರ ಬಿಡದವರನ್ನು. ಅದಕ್ಕೆ ಹೆದರಿ ಕೆನರಾಕ್ಕೆ ಬಂದವರಲ್ಲಿ ಗೋವೆಯ ಕ್ರೈಸ್ತರೂ ಇದ್ದರು. ಇದನ್ನು ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಾಗಾದರೆ ನಿಮ್ಮವರೂ ನಂಬಿಗಸ್ತರೇ” ಎಂದರು.

ಆ ವಲಸೆಗಾರರ ವಂಶದವರಾದ ಮಂಗಳೂರು ಕಡೆಯ ಕಥೋಲಿಕರಿಗೆ 1784ರಲ್ಲಿ ಇನ್ನೊಂದು ಕಾಲ ಬಂತು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಸಂಶಯದ ಮೇಲೆ ಟಿಪ್ಪು ಸುಲ್ತಾನ್ ಅವರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಉಳಿದವರು ಊರಿಗೆ ಮರಳಿದರು. ಇಂದು ಮುಂಬಯಿಯ ಉಪನಗರಗಳಲ್ಲಿರುವ ಎಷ್ಟೋ ಮಂಗಳೂರು ಕಥೋಲಿಕ ಮನೆಗಳಲ್ಲಿ ಆ ನಡಿಗೆಯ ನೆನಪು ಇನ್ನೂ ಆರಿಲ್ಲ.

ಸಂಶಯ ಎಂಬ ಪದವನ್ನು ಗಮನಿಸಿ. ರೋಮಿನಲ್ಲಿ ರಾಜನಿಷ್ಠೆಯ ಸಂಶಯ, ಜಪಾನಿನಲ್ಲಿ ಸ್ಪೇನಿನ ಸಂಶಯ, ಮೈಸೂರಿನಲ್ಲಿ ಇಂಗ್ಲಿಷರ ಸಂಶಯ. ಗೋವೆಯ ಬಾಣಾವಲಿಯಲ್ಲಿ ಹುಟ್ಟಿ, ಕುಂದಾಪುರ, ಗಂಗೊಳ್ಳಿ ಕಡೆ ಕೆಲಸ ಮಾಡಿ, 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಂಹಳಕ್ಕೆ ಹೋದ ಪಾದ್ರಿ ಜೋಸೆಫ್ ವಾಜ್ ಕೂಡ ಕ್ಯಾಂಡಿಯಲ್ಲಿ ಸೆರೆಯಾದದ್ದು ಪೋರ್ಚುಗೀಸ್ ಗೂಢಚಾರನೆಂಬ ಸಂಶಯದ ಮೇಲೆ. ಆ ದ್ವೀಪದ ಕರಾವಳಿಯಲ್ಲಿ ಕಥೋಲಿಕರನ್ನು ಅದುಮಿದ್ದವರು ಡಚ್ಚರು, ಅಂದರೆ ಇನ್ನೊಂದು ಪಂಗಡದ ಕ್ರೈಸ್ತರೇ.

ಎರಡೂ ಕಡೆಯಿಂದ ಒತ್ತಡ

ಹಿಂಸೆ ಯಾವಾಗಲೂ ಅರಮನೆಯಿಂದಲೇ ಬರಬೇಕೆಂದಿಲ್ಲ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1889ರಲ್ಲಿ ಮುಂಬಯಿಯಲ್ಲಿ ತೆರೆದ ಅವರ ಶಾರದಾ ಸದನ, ವಿಧವೆಯರಿಗಾಗಿ ನಡೆಸಿದ ಶಾಲೆ, ಮರುವರ್ಷ ಪುಣೆಗೆ ಹೋಯಿತು. ಅಲ್ಲಿ ವಿಧವೆಯರನ್ನು ಮತಾಂತರಿಸುತ್ತಾರೆಂದು 1893ರಲ್ಲಿ ದೊಡ್ಡ ಗದ್ದಲವೆದ್ದು ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಇತ್ತ ಇಂಗ್ಲೆಂಡಿನ ಸಭೆಯ ಹಿರಿಯರಿಗೂ ರಮಾಬಾಯಿ ತಲೆನೋವೇ. ಒಂದು ಪುರೋಹಿತಶಾಹಿಯಿಂದ ಬಿಡಿಸಿಕೊಂಡವಳು ಇನ್ನೊಂದಕ್ಕೆ ಕೊರಳು ಕೊಡಲಾರೆ ಎಂಬ ಅರ್ಥದ ಮಾತನ್ನು ಅವರು ತಮ್ಮ ಕ್ರೈಸ್ತ ಗುರುಮಾತೆಗೇ ಬರೆದಿದ್ದರು. ಎರಡೂ ಕಡೆಯವರಿಗೆ ಬೇಸರ ತಂದು, ಪುಣೆಯ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಸದನ ಕಟ್ಟಿ, 1922ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ದುಡಿದರು.

ಪೊಲೀಸರಿಗೆ ಹೇಳಿದರೆ ವಿಶ್ವಾಸ ಕಡಿಮೆಯೇ?

ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನು ಒಡ್ಡು ಎಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಅದೇ ಪುಸ್ತಕದಲ್ಲಿ ಪೌಲ ಕಾನೂನು ಹಿಡಿದು ನಿಲ್ಲುತ್ತಾನೆ. ಅವನನ್ನು ಕೊರಡೆಯಿಂದ ಹೊಡೆಯಲು ಕಟ್ಟಿದಾಗ, ವಿಚಾರಣೆಯಿಲ್ಲದೆ ರೋಮನ್ ಪ್ರಜೆಯನ್ನು ಹೊಡೆಯುವುದು ನ್ಯಾಯವೇ ಎಂದು ಕೇಳಿದ. ಕೊನೆಗೆ ಚಕ್ರವರ್ತಿಯ ನ್ಯಾಯಾಲಯಕ್ಕೇ ಮೇಲ್ಮನವಿ ಹೋದ. ಸೇಡು ಬೇಡ, ನ್ಯಾಯ ಕೇಳಬಹುದು. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಜೀಪಿನಲ್ಲಿ ಸುಟ್ಟಾಗ ಪತ್ನಿ ಗ್ಲ್ಯಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಮೊಕದ್ದಮೆ ನಡೆಯಿತು, ಶಿಕ್ಷೆಯೂ ಆಯಿತು. ಕ್ಷಮೆ ಅವರದು, ಶಿಕ್ಷೆ ಸರ್ಕಾರದ್ದು.

ನಮ್ಮ ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ, ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಎಲ್ಲರಿಗೂ ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಯೊಳಗೆ. ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಒಡಿಶಾದ 1967ರ ಕಾಯ್ದೆಯಿಂದ ಮೊದಲುಗೊಂಡು ಹಲವು ರಾಜ್ಯಗಳಲ್ಲಿ ಬಲವಂತದ, ಆಮಿಷದ ಮತಾಂತರದ ವಿರುದ್ಧ ಕಾನೂನುಗಳಿವೆ. ಅಕ್ಕನಂಥವರು ಈ ಎರಡು ಮಾತನ್ನೂ ತಿಳಿದಿರಬೇಕು. ಇನ್ನೊಂದು ಕಡೆ, ಕಾನೂನಿಗೆ ಅನುಸಾರವಾಗಿ ನಡೆಯುತ್ತಿರುವ ಆರಾಧನೆಗೆ ಬೇಕೆಂದೇ ಅಡ್ಡಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 300ನೆಯ ಸೆಕ್ಷನ್ ಪ್ರಕಾರ ಅಪರಾಧ.

ಸಣ್ಣ ನಿರಾಕರಣೆಗೂ ನ್ಯಾಯಾಲಯ ಬೆಲೆ ಕೊಟ್ಟದ್ದುಂಟು. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಗಡದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಹೊರಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಎದ್ದು ನಿಂತದ್ದು ಅವರ ಗೌರವ, ಹಾಡದೆ ಇದ್ದದ್ದು ಅವರ ವಿಶ್ವಾಸ. ಎರಡೂ ಒಂದೇ ದೇಹದಲ್ಲಿ ಇರಬಲ್ಲವು.

ಪೇತ್ರನ ಮೊದಲ ಪತ್ರದಲ್ಲಿ ಒಂದು ಎಚ್ಚರಿಕೆ ಇದೆ, ಅದನ್ನು ಬಿಡಬಾರದು. ಕಳ್ಳನೋ, ಪರರ ವಿಷಯದಲ್ಲಿ ತಲೆಹಾಕುವವನೋ ಆಗಿ ಬಾಧೆಪಟ್ಟು ಅದನ್ನು ವಿಶ್ವಾಸದ ಖಾತೆಗೆ ಬರೆಯಬೇಡಿ ಎಂದು. ರಾತ್ರಿ ಹನ್ನೊಂದಕ್ಕೆ ಧ್ವನಿವರ್ಧಕ ಹಚ್ಚಿ ಬೈಗುಳ ತಿಂದರೆ ಅದು ಹಿಂಸೆಯಲ್ಲ, ಬರೀ ಬೈಗುಳ.

ನಿಲ್ಲುವ ಬಲ ಎಲ್ಲಿಂದ?

ಸಂಜೆ ಏಳರ ವಿರಾರ್ ಲೋಕಲಿನಲ್ಲಿ ನಿಂತವರಿಗೆ ಇದರ ಉತ್ತರ ಅರ್ಧ ಗೊತ್ತಿರುತ್ತದೆ. ಅಲ್ಲಿ ಯಾರೂ ತಮ್ಮ ಕಾಲಬಲದಿಂದ ನಿಂತಿರುವುದಿಲ್ಲ. ಒಂದು ಕೈಗೆ ಮೇಲಿನ ಹಿಡಿ, ಸುತ್ತ ಒತ್ತಿ ನಿಂತ ಜನ; ರೈಲು ಜಗ್ಗಿದಾಗ ಬೀಳದಿರುವುದು ಅದರಿಂದ. ಕ್ರೈಸ್ತರ ಮಟ್ಟಿಗೆ ಹಿಡಿ ಎಂದರೆ ಪ್ರಾರ್ಥನೆ, ಜನ ಎಂದರೆ ಸಭೆ. ಸೆರೆಯಲ್ಲಿದ್ದವರಿಗೆ ಊಟ ಒಯ್ಯುವುದು, ಕೆಲಸ ಹೋದವನ ಮನೆಗೆ ಅಕ್ಕಿ ಕಳಿಸುವುದು ಆದಿ ಸಭೆಯಲ್ಲಿ ಉಪದೇಶದಷ್ಟೇ ಮುಖ್ಯವಾಗಿದ್ದವು. ಒಬ್ಬಂಟಿಯಾಗಿ ಉಳಿದ ವಿಶ್ವಾಸಿ ಬೇಗ ಬೀಳುತ್ತಾನೆಂದು ಅವರಿಗೆ ಅನುಭವದಿಂದ ಗೊತ್ತಿತ್ತು.

ಮತ್ತೊಂದು ಆಧಾರ ದಾನಿಯೇಲನ ಪುಸ್ತಕದ ಮೂವರು ಯುವಕರ ಮಾತು. ಬಂಗಾರದ ಪ್ರತಿಮೆಗೆ ಅಡ್ಡಬೀಳದಿದ್ದರೆ ಬೆಂಕಿಗೆ ಎಸೆಯುತ್ತೇನೆ ಎಂದ ಅರಸನಿಗೆ ಅವರು, ನಮ್ಮ ದೇವರು ಬಿಡಿಸಬಲ್ಲನು, ಬಿಡಿಸದೆ ಹೋದರೂ ನಾವು ಅಡ್ಡಬೀಳುವುದಿಲ್ಲ ಎನ್ನುತ್ತಾರೆ. ಪವಾಡ ಆಮೇಲೆ ಬರುತ್ತದೆ. ಉತ್ತರ ಕೊಡುವಾಗ ಅದು ಅವರ ಕೈಯಲ್ಲಿರಲಿಲ್ಲ. ಅಕ್ಕನಿಗೆ ತುಂಬ ಹಿಡಿಸಿದ ವಾಕ್ಯ ಇದು. “ಬಿಡಿಸದೆ ಹೋದರೂ” ಎಂದು ಎರಡು ಸಲ ಹೇಳಿಕೊಂಡರು.

ಆಮೇಲೆ ನನ್ನ ಪೆನ್ನು ಕೇಳಿ ತೆಗೆದುಕೊಂಡು ಅರ್ಜಿ ತುಂಬಿದರು. ಕಾರ್ಯಕ್ರಮದ ಕಾಲಮಿನಲ್ಲಿ ಮರಾಠಿಯಲ್ಲಿ ದೊಡ್ಡದಾಗಿ ಪ್ರಾರ್ಥನೆ ಎಂದು ಬರೆದರು. ವೇಳೆ, ಏಳರಿಂದ ಎಂಟೂವರೆ. ಕೆಳಗೆ ಉಳಿದ ಜಾಗದಲ್ಲಿ ಇನ್ನೊಂದು ಸಾಲು ಸೇರಿಸಿದರು: ಧ್ವನಿವರ್ಧಕ ಇಲ್ಲ, ಚಹಾ ಇದೆ, ಚೀಟಿ ಅಂಟಿಸಿದವರೂ ಬರಬಹುದು.